ಹೊಲ, ಒಲೆ, ಗಡಿಕಲ್ಲು: ಪ್ರಾಚೀನ ರೋಮಿನ ಬೇಸಾಯ ಮತ್ತು ಅದರ ದೇವರುಗಳು

ಪ್ರಾಚೀನ ಇಟಲಿಯ ರೈತನಿಗೆ ಹೊಲದ ಕೆಲಸವೂ ದೇವರ ಕೆಲಸವೂ ಒಂದೇ ಪಟ್ಟಿಯಲ್ಲಿ ಬರುತ್ತಿದ್ದವು. ಇದಕ್ಕೆ ಸಿಗುವ ಹಳೆಯ ಸಾಕ್ಷಿ ಮಾರ್ಕುಸ್ ಪೋರ್ಸಿಯುಸ್ ಕೇಟೋ ಕ್ರಿ.ಪೂ. 160ರ ಸುಮಾರಿಗೆ ಬರೆದ ಬೇಸಾಯದ ಪುಸ್ತಕ. ಲ್ಯಾಟಿನ್ ಗದ್ಯದಲ್ಲಿ ಇಡಿಯಾಗಿ ಉಳಿದಿರುವ ಕೃತಿಗಳಲ್ಲಿ ಇದೇ ಮೊದಲನೆಯದು. ಗಾಣ ಕೂಡಿಸುವುದು, ತಿಪ್ಪೆ ಬೆಳೆಸುವುದು, ಅಂಜೂರಕ್ಕೆ ಕಸಿ ಕಟ್ಟುವುದು, ಹಂದಿಯ ತೊಡೆಗೆ ಉಪ್ಪು ಹಾಕಿ ಕೆಡದಂತೆ ಇಡುವುದು ಹೀಗೆ 162 ಚಿಕ್ಕ ಅಧ್ಯಾಯಗಳು ಅದರಲ್ಲಿವೆ. ಇವುಗಳ ನಡುನಡುವೆ, ಯಾವ ಪೀಠಿಕೆಯೂ ಇಲ್ಲದೆ, ಮಾರ್ಸ್ ದೇವರ ಮುಂದೆ ನಿಂತು ಏನು ಹೇಳಬೇಕು, ಸೆರೆಸ್ ದೇವಿಗೆ ಯಾವ ಹೊತ್ತಿನಲ್ಲಿ ಹಂದಿ ಕೊಡಬೇಕು ಎಂಬ ಸೂಚನೆಗಳೂ ಬರುತ್ತವೆ. ಗೊಬ್ಬರದ ಅಳತೆ ಹೇಳುವ ಧಾಟಿಯಲ್ಲೇ ನೈವೇದ್ಯದ ಅಳತೆಯನ್ನೂ ಕೇಟೋ ಹೇಳುತ್ತಾನೆ. ಅವನು ಭಾವುಕನಾದ ಭಕ್ತನೇನೂ ಆಗಿರಲಿಲ್ಲ. ಕ್ರಿ.ಪೂ. 184ರಲ್ಲಿ ಸೆನ್ಸರ್ ಎಂಬ ಉನ್ನತ ಹುದ್ದೆಯಲ್ಲಿದ್ದ ಅವನು ಬಿಗಿ ಕೈಯ ಲೆಕ್ಕಾಚಾರದ ಮನುಷ್ಯ. ಇಂಥವನ ಪುಸ್ತಕದಲ್ಲಿ ಪೂಜೆಗೆ ಇಷ್ಟು ಜಾಗ ಸಿಕ್ಕಿದೆಯೆಂದರೆ, ಅದನ್ನು ಬಿಟ್ಟರೆ ನಷ್ಟವೆಂದು ಅವನು ನಂಬಿದ್ದನೆಂದೇ ಅರ್ಥ.

ರೋಮನ್ನರು ತಮ್ಮ ಮೂಲವನ್ನು ಸಣ್ಣ ಹಿಡುವಳಿಯಲ್ಲಿ ಕಾಣುತ್ತಿದ್ದರು. ನಗರವನ್ನು ಕಟ್ಟಿದ ರೋಮುಲುಸ್ ಒಬ್ಬೊಬ್ಬನಿಗೆ ಎರಡು ಯುಗೆರಾ, ಅಂದರೆ ಸುಮಾರು ಒಂದೂಕಾಲು ಎಕರೆ ನೆಲ ಹಂಚಿದ, ಅದು ಮಕ್ಕಳಿಗೆ ಇಳಿಯುತ್ತ ಬಂತು ಎಂಬ ಐತಿಹ್ಯವಿತ್ತು. ಅಷ್ಟರಿಂದ ಒಂದು ಸಂಸಾರದ ಹೊಟ್ಟೆ ತುಂಬುವುದಿಲ್ಲ. ಊರ ಗೋಮಾಳ, ಕಾಡು, ಮನೆಯ ಪಕ್ಕದ ಕೈತೋಟ ಸೇರಿದಾಗಲೇ ಬದುಕು ಸಾಗುತ್ತಿತ್ತು. ಈ ಕೈತೋಟಕ್ಕೆ ಲ್ಯಾಟಿನ್‌ನಲ್ಲಿ ಹೊರ್ತುಸ್ ಎನ್ನುತ್ತಿದ್ದರು. ಕ್ರಿ.ಪೂ. 451–450ರ ‘ಹನ್ನೆರಡು ಫಲಕಗಳ ಶಾಸನ’ದಲ್ಲಿ ಕೈತೋಟವನ್ನೇ ಪಿತ್ರಾರ್ಜಿತ ಆಸ್ತಿ ಎಂದು ಕರೆದಿತ್ತೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ತೋಟ ಹೆಂಗಸರ ಸುಪರ್ದಿಯಲ್ಲಿತ್ತು. ಪಾತಿಗಳು ಒಣಗಿದ್ದರೆ ಮನೆಯಾಕೆ ಸರಿಯಿಲ್ಲವೆಂದು ಹಳಬರು ತೀರ್ಮಾನಿಸುತ್ತಿದ್ದರಂತೆ. ಲಾಭದ ದೃಷ್ಟಿಯಿಂದ ಜಮೀನುಗಳಿಗೆ ದರ್ಜೆ ಕೊಡುವಾಗ ಕೇಟೋ ದ್ರಾಕ್ಷಿತೋಟವನ್ನು ಮೊದಲಿಗಿಟ್ಟು, ನೀರಾವರಿಯ ತರಕಾರಿ ತೋಟವನ್ನು ಎರಡನೆಯದಾಗಿ ಇಡುತ್ತಾನೆ. ಗೋಧಿ ಹೊಲಕ್ಕೆ ಸಿಗುವುದು ಆರನೆಯ ಸ್ಥಾನ. ಎಲೆಕೋಸಿನ ಗುಣಗಾನಕ್ಕಂತೂ ಅವನು ಎರಡು ಅಧ್ಯಾಯಗಳನ್ನೇ ಮೀಸಲಿಟ್ಟಿದ್ದಾನೆ. ಹುಣ್ಣಿನಿಂದ ಹಿಡಿದು ಕೀಲುನೋವಿನವರೆಗೆ ಎಲ್ಲಕ್ಕೂ ಅವನ ಮದ್ದು ಅದೇ.

ಮನೆಯೊಳಗಿನ ದೇವರ ನೆಲೆ ಒಲೆ. ಮನೆತನವನ್ನೂ ಆ ನೆಲವನ್ನೂ ಕಾಯುವವನು ಲಾರ್. ಉಗ್ರಾಣದ ಒಡೆಯರು ಪೆನಾತೆಸ್. ಯಜಮಾನನ ಜೀವಶಕ್ತಿಯಾದ ಗೆನಿಯುಸ್‌ಗೂ ಪಾಲಿತ್ತು. ದೊಡ್ಡ ಜಮೀನಿನಲ್ಲಿ ಒಡೆಯ ಪಟ್ಟಣದಲ್ಲಿರುತ್ತಿದ್ದುದರಿಂದ ಈ ಒಲೆಯ ಪಾಲನೆ ಮನೆವಾರ್ತೆ ನೋಡಿಕೊಳ್ಳುವ ಗುಲಾಮ ಹೆಣ್ಣಿನ ಪಾಲಿಗೆ ಬರುತ್ತಿತ್ತು. ದಿನವೂ ಮಲಗುವ ಮುನ್ನ ಆಕೆ ಒಲೆಯ ಸುತ್ತ ಗುಡಿಸಬೇಕು. ತಿಂಗಳ ಮೊದಲ ದಿನ, ಐದನೆಯ ಅಥವಾ ಏಳನೆಯ ದಿನ, ನಡುದಿನ ಈ ಮೂರು ದಿನ ಮತ್ತು ಹಬ್ಬ ಬಂದಾಗ ಒಲೆಗೆ ಹೂಮಾಲೆ ಕಟ್ಟಿ, ಮನೆಯಲ್ಲಿ ಸಮೃದ್ಧಿಯಿರಲೆಂದು ಲಾರ್‌ನನ್ನು ಬೇಡಬೇಕು. ಇದಕ್ಕಿಂತ ಹೆಚ್ಚಿನ ಪೂಜೆಯನ್ನು ಆಕೆ ಒಡೆಯನ ಅಪ್ಪಣೆಯಿಲ್ಲದೆ ಮಾಡುವಂತಿರಲಿಲ್ಲ. ಇಡೀ ಮನೆಯ ಪರವಾಗಿ ಪೂಜೆ ಸಲ್ಲಿಸುವ ಹಕ್ಕು ಒಡೆಯನದು.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೆಯಿಯಲ್ಲಿ ಈ ದೇವರಗೂಡುಗಳನ್ನು ಇಂದೂ ನೋಡಬಹುದು. ಅಡುಗೆಮನೆಯ ಗೋಡೆಯಲ್ಲಿ, ತೋಟದ ಮೂಲೆಯಲ್ಲಿ, ಬ್ರೆಡ್ ಸುಡುವ ಅಂಗಡಿಗಳಲ್ಲೂ ಅವು ಸಿಕ್ಕಿವೆ. ಮೇಲೆ ಕುಣಿಯುವ ಭಂಗಿಯ ಇಬ್ಬರು ಲಾರ್‌ಗಳು, ನಡುವೆ ಸೆರಗನ್ನು ತಲೆಯ ಮೇಲೆಳೆದುಕೊಂಡ ಗೆನಿಯುಸ್, ಕೆಳಗೆ ಬಲಿಪೀಠದತ್ತ ಹರಿದು ಬರುವ ಹಾವುಗಳು ಎಂಬುದು ಸಾಮಾನ್ಯ ಚಿತ್ರ. ಅಮೆರಿಕದ ಪುರಾತತ್ತ್ವಜ್ಞೆ ವಿಲ್ಹೆಲ್ಮಿನಾ ಯಶೆಮ್ಸ್ಕಿ 1960ರ ದಶಕದಿಂದ ಅಲ್ಲಿನ ತೋಟಗಳನ್ನೇ ಅಗೆಸಿದರು. ಬೇರು ಕೊಳೆತು ಉಳಿದ ಪೊಳ್ಳುಗಳಿಗೆ ಸಿಮೆಂಟು ತುಂಬಿ ಅಚ್ಚು ತೆಗೆದಾಗ ಯಾವ ಮರ ಎಲ್ಲಿತ್ತೆಂಬುದು ತಿಳಿಯಿತು. ದನದ ಸಂತೆಯೆಂದು ಭಾವಿಸಿದ್ದ ಕಡೆ 2,000ಕ್ಕೂ ಹೆಚ್ಚು ದ್ರಾಕ್ಷಿ ಬಳ್ಳಿಗಳ ಬೇರುಗಳು ಸಿಕ್ಕವು. ಊರಿನೊಳಗಿನ ಸಣ್ಣ ತೋಟಗಳಲ್ಲೂ ಪೀಠ, ಗೂಡು, ಪುಟ್ಟ ವಿಗ್ರಹಗಳು ಹೊರಬಂದವು.

ಒಲೆಯ ನಂತರ ಗಡಿ. ಗಡಿಕಲ್ಲೇ ತೆರ್ಮಿನುಸ್ ಎಂಬ ದೇವರು; ಅವನ ಹಬ್ಬ ಫೆಬ್ರುವರಿ 23. ಅಂದು ಅಕ್ಕಪಕ್ಕದ ಹೊಲದವರಿಬ್ಬರೂ ತಮ್ಮ ತಮ್ಮ ಕಡೆಯಿಂದ ಬಂದು ಅದೇ ಕಲ್ಲಿಗೆ ಮಾಲೆ ಹಾಕುತ್ತಿದ್ದರೆಂದು ಕವಿ ಓವಿಡ್ ವರ್ಣಿಸುತ್ತಾನೆ. ಮನೆಯಾಕೆ ಒಲೆಯಿಂದ ಕೆಂಡ ತರುತ್ತಾಳೆ, ಹುಡುಗ ಮೂರು ಸಲ ಕಾಳು ಎರಚುತ್ತಾನೆ, ಚಿಕ್ಕ ಹುಡುಗಿ ಜೇನುಹುಟ್ಟಿನ ತುಂಡು ಹಿಡಿದಿರುತ್ತಾಳೆ, ಕುರಿಮರಿಯ ರಕ್ತ ಕಲ್ಲಿಗೆ ಬೀಳುತ್ತದೆ. ಕಲ್ಲನ್ನು ಮೊದಲು ನೆಡುವ ಕ್ರಮವನ್ನು ಭೂಮಾಪಕ ಸಿಕುಲುಸ್ ಫ್ಲಾಕುಸ್ ಬರೆದಿಟ್ಟಿದ್ದಾನೆ: ಕಲ್ಲಿಗೆ ಎಣ್ಣೆ ಸವರಿ ಮಾಲೆ ಹಾಕುವುದು, ಗುಂಡಿಯಲ್ಲಿ ಬಲಿ ಕೊಟ್ಟು ಬೆಂಕಿ ಹಾಕಿ ಧೂಪ, ಕಾಳು, ಜೇನು, ದ್ರಾಕ್ಷಾರಸ ಸುರಿಯುವುದು, ಎಲ್ಲ ಉರಿದ ಮೇಲೆ ಬಿಸಿ ಬೂದಿಯ ಮೇಲೇ ಕಲ್ಲು ನಿಲ್ಲಿಸುವುದು. ಮುಂದೆ ಗಡಿ ತಂಟೆ ಎದ್ದರೆ ಕಲ್ಲಿನ ಬುಡ ಅಗೆಯುತ್ತಿದ್ದರು. ಇದ್ದಿಲು, ಮೂಳೆ, ಮಡಕೆಚೂರು ಸಿಕ್ಕರೆ ಅದು ನಿಜವಾದ ಗಡಿಕಲ್ಲು. ಪೂಜೆಯ ಬೂದಿ ಹೀಗೆ ದಾಖಲೆಪತ್ರದ ಕೆಲಸ ಮಾಡುತ್ತಿತ್ತು. ರೋಮನ್ ಗ್ರಾಮದೇವರುಗಳ ಪೈಕಿ ಇಷ್ಟು ಪ್ರಾಯೋಗಿಕನಾದವನು ಇನ್ನೊಬ್ಬನಿಲ್ಲ.

ವರ್ಷದ ಕೆಲಸಗಳೂ ದೇವರುಗಳೂ ಹೇಗೆ ಹೆಣೆದುಕೊಂಡಿದ್ದವೆಂಬುದಕ್ಕೆ ಅಮೃತಶಿಲೆಯ ಎರಡು ರೈತ ಪಂಚಾಂಗಗಳು ಸಿಕ್ಕಿವೆ. ತಿಂಗಳಿಗೊಂದು ಕಾಲಂ, ಅದರಲ್ಲಿ ದಿನಗಳ ಸಂಖ್ಯೆ, ಹಗಲಿರುಳಿನ ಗಂಟೆ, ಸೂರ್ಯನಿರುವ ರಾಶಿ, ಕಾಯುವ ದೇವರು, ಮಾಡಬೇಕಾದ ಕೆಲಸ, ಕೊನೆಗೆ ಹಬ್ಬ. ಏಪ್ರಿಲ್‌ಗೆ ವೀನಸ್ ಒಡತಿ, ಆಗಸ್ಟ್‌ಗೆ ಸೆರೆಸ್, ಅಕ್ಟೋಬರ್‌ಗೆ ಮಾರ್ಸ್. ಜನವರಿಯಲ್ಲಿ ಗೂಟ ಚೂಪು ಮಾಡು, ಜೊಂಡು ಕಡಿ, ಪೆನಾತೆಸ್‌ಗೆ ಬಲಿ ಕೊಡು. ಮೇ ತಿಂಗಳಲ್ಲಿ ಕಳೆ ಕೀಳು, ಕುರಿಯ ಉಣ್ಣೆ ಕತ್ತರಿಸು. ಜೂನ್‌ನಲ್ಲಿ ಹುಲ್ಲು ಕೊಯ್ಯಿ. ಓದುಬರಹ ಅಷ್ಟಾಗಿ ಬಾರದವನಿಗೂ ರಾಶಿಯ ಚಿತ್ರ ನೋಡಿ ತಿಂಗಳು ತಿಳಿಯುವಂತೆ ಇದನ್ನು ಕೆತ್ತಿದ್ದಾರೆ.

ವಸಂತದ ಉಳುಮೆಗೆ ಮುಹೂರ್ತ ಪೇರುಮರ ಹೂ ಬಿಡುವ ಹೊತ್ತು. ಆಗ ಎತ್ತುಗಳ ಹೆಸರಿನಲ್ಲಿ ಜುಪಿಟರ್‌ಗೆ ಹುರಿದ ಮಾಂಸದ ಎಡೆಯಿಟ್ಟು ಒಂದು ಬಟ್ಟಲು ದ್ರಾಕ್ಷಾರಸ ಅರ್ಪಿಸುತ್ತಿದ್ದರು. ಅಂದು ಎತ್ತುಗಳಿಗೂ ಎತ್ತು ಹೊಡೆಯುವವರಿಗೂ ಬಿಡುವು. ಎಡೆ ಮುಗಿದ ಮೇಲೆ ನವಣೆಯಂಥ ಕಿರುಧಾನ್ಯ, ಬೆಳ್ಳುಳ್ಳಿ, ಚನ್ನಂಗಿ ಬಿತ್ತಬೇಕೆಂದು ಕೇಟೋ ಅದೇ ಉಸಿರಿನಲ್ಲಿ ಹೇಳುತ್ತಾನೆ. ಎತ್ತುಗಳ ಆರೋಗ್ಯಕ್ಕೆ ಬೇರೊಂದು ಹರಕೆಯಿತ್ತು. ಹಾಡುಹಗಲಲ್ಲಿ ಕಾಡಿಗೆ ಹೋಗಿ ಮಾರ್ಸ್ ಸಿಲ್ವಾನುಸ್‌ಗೆ ಒಂದೊಂದು ಎತ್ತಿನ ಲೆಕ್ಕದಲ್ಲಿ ಮೂರು ಪೌಂಡ್ ಹಿಟ್ಟು, ನಾಲ್ಕೂವರೆ ಪೌಂಡ್ ಹಂದಿಕೊಬ್ಬು, ಅಷ್ಟೇ ತೂಕದ ಮಾಂಸ ಕೊಡಬೇಕು. ಗುಲಾಮನೂ ಇದನ್ನು ಸಲ್ಲಿಸಬಹುದು, ಆದರೆ ಹೆಂಗಸರು ನೋಡಕೂಡದು.

ಬಿತ್ತನೆಯ ಸುತ್ತ ಇದ್ದ ದೇವರುಗಳ ಸಂಖ್ಯೆ ಅಚ್ಚರಿ ಹುಟ್ಟಿಸುತ್ತದೆ. ನೆಲದೇವಿ ಟೆಲ್ಲುಸ್ ಮತ್ತು ಕಾಳಿನ ದೇವಿ ಸೆರೆಸ್‌ಗೆ ಬಲಿ ಕೊಡುವಾಗ ಅರ್ಚಕ ಕರೆಯುತ್ತಿದ್ದ ಹನ್ನೆರಡು ಸಹಾಯಕರ ಹೆಸರನ್ನು ರೋಮನ್ ಲೇಖಕ ಫಾಬಿಯುಸ್ ಪಿಕ್ಟೋರ್ ಪಟ್ಟಿ ಮಾಡಿದ್ದ. ವ್ಯಾಖ್ಯಾನಕಾರ ಸರ್ವಿಯುಸ್ ಅದನ್ನು ಉಳಿಸಿದ್ದಾನೆ. ವೆರ್ವಾಕ್ಟೋರ್ ಬೀಳುನೆಲವನ್ನು ಮೊದಲ ಸಲ ಉಳುವವನು, ರೆಪರಾಟೋರ್ ಎರಡನೆಯ ಉಳುಮೆಯವನು, ಇಂಪೋರ್ಸಿಟೋರ್ ಸಾಲು ಎತ್ತುವವನು, ಇನ್ಸಿಟೋರ್ ಬಿತ್ತುವವನು, ಒಬರಾಟೋರ್ ಬೀಜ ಮುಚ್ಚಲು ಮೇಲುಳುಮೆ ಮಾಡುವವನು, ಒಕ್ಕಾಟೋರ್ ಹಲುಬೆ ಹೊಡೆಯುವವನು. ಆಮೇಲೆ ಎಡೆ ಹೊಡೆಯುವ ಸರ್ರಿಟೋರ್, ಕಳೆ ಕೀಳುವ ಸುಬ್ರುಂಕಿನಾಟೋರ್, ಕೊಯ್ಯುವ ಮೆಸ್ಸೋರ್, ಗಾಡಿಯಲ್ಲಿ ಸಾಗಿಸುವ ಕಾನ್ವೆಕ್ಟೋರ್, ಕಣಜಕ್ಕೆ ತುಂಬುವ ಕಾಂಡಿಟೋರ್, ಬೇಕಾದಾಗ ಹೊರತೆಗೆಯುವ ಪ್ರೋಮಿಟೋರ್. ಈ ಹನ್ನೆರಡು ಮಂದಿಗೆ ಕತೆಯಿಲ್ಲ, ವಿಗ್ರಹವಿಲ್ಲ, ಹೆಂಡಿರು ಮಕ್ಕಳಿಲ್ಲ. ಇರುವುದು ಒಂದೊಂದು ಕೆಲಸ ಮಾತ್ರ. ಪಟ್ಟಿಯನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ಬೇಸಾಯದ ವರ್ಷ ಹಂತಹಂತವಾಗಿ ಕಣ್ಮುಂದೆ ಬರುತ್ತದೆ. ಐದನೆಯ ಶತಮಾನದ ಆರಂಭದಲ್ಲಿ ಸಂತ ಅಗಸ್ಟಿನ್ ಇಂಥ ಬಿಡಿದೇವರುಗಳನ್ನು ಗೇಲಿ ಮಾಡಿದ. ಮನೆ ಕಾಯಲು ಒಬ್ಬ ಆಳು ಸಾಕಾಗುವಲ್ಲಿ ಬಾಗಿಲಿಗೊಬ್ಬ, ತಿರುಗಣಿಗೊಬ್ಬಳು, ಹೊಸ್ತಿಲಿಗೊಬ್ಬ ದೇವರೇಕೆ ಎಂಬುದು ಅವನ ತಕರಾರು. ಗೇಲಿ ಚುರುಕಾಗಿದೆ, ಆದರೆ ಬೀಜ ಮುಚ್ಚುವುದಕ್ಕೂ ಹಲುಬೆ ಹೊಡೆಯುವುದಕ್ಕೂ ಇರುವ ಅಂತರ ಬೆಳೆಯ ಅಳಿವು ಉಳಿವಿನ ಅಂತರ ಎಂದು ರೈತನಿಗೆ ಗೊತ್ತಿತ್ತು.

ರೋಮನ್ನರ ಹಳೆಯ ಮುಖ್ಯ ಧಾನ್ಯ ‘ಫಾರ್’. ಉತ್ತರ ಕರ್ನಾಟಕದಲ್ಲಿ ಜವೆಗೋಧಿ, ಸದಕ ಎಂದು ಬೆಳೆಯುವ ಹೊಟ್ಟುಗೋಧಿಯ ಜಾತಿಯೇ ಅದು. ಒಕ್ಕಿದರೂ ಕಾಳಿಗೆ ಹೊಟ್ಟು ಅಂಟಿಕೊಂಡೇ ಇರುತ್ತದೆ. ರೋಮನ್ನರು ಅದನ್ನು ಬಿಡಿಸಲು ಕುಲುಮೆಯಲ್ಲಿ ಹುರಿದು, ಆಮೇಲೆ ಕುಟ್ಟುತ್ತಿದ್ದರು. ಹುರಿಯುವಾಗ ಕಾಳು ಕರಕಲಾಗುವುದೂ ಗುಡಿಸಲಿಗೇ ಬೆಂಕಿ ತಗಲುವುದೂ ನಡೆಯುತ್ತಿತ್ತೆಂದು ಓವಿಡ್ ಹೇಳುತ್ತಾನೆ. ಅದಕ್ಕಾಗಿ ಫೆಬ್ರುವರಿಯಲ್ಲಿ ಕುಲುಮೆಯ ದೇವಿ ಫೋರ್ನಾಕ್ಸ್‌ಳ ಹಬ್ಬ. ತಮ್ಮ ಪಂಗಡದ ದಿನ ಮರೆತವರಿಗೆ ಫೆಬ್ರುವರಿ 17ರಂದು ಕೊನೆಯ ಅವಕಾಶ. ಜನ ಅದನ್ನು ಪೆದ್ದರ ಹಬ್ಬ ಎನ್ನುತ್ತಿದ್ದರು.

ಭಯದ ತಿಂಗಳೆಂದರೆ ಏಪ್ರಿಲ್. ಪೈರು ಹಸಿರಾಗಿ ನಿಂತು ತೆನೆ ಕಟ್ಟುವ ಮುಂಚಿನ ಈ ದಿನಗಳಲ್ಲಿ ಹಬ್ಬಗಳು ಒಂದರ ಹಿಂದೊಂದು ಬರುತ್ತಿದ್ದವು. 15ರಂದು ಗಬ್ಬದ ಹಸುವನ್ನು ಟೆಲ್ಲುಸ್‌ಗೆ ಬಲಿ ಕೊಡುವುದು, 19ರಂದು ಸೆರೆಸ್‌ಳ ಹಬ್ಬ, 21ರಂದು ಕುರುಬರು ಹುಲ್ಲಿಗೆ ಬೆಂಕಿ ಹಾಕಿ ದಾಟುವ ಪಾರಿಲಿಯಾ, 25ರಂದು ರೋಬಿಗಾಲಿಯಾ. ಗೋಧಿಗೆ ಬರುವ ತುಕ್ಕುರೋಗವೇ ರೋಬಿಗುಸ್ ಎಂಬ ದೇವರು. ಕೆಲವರ ಪಾಲಿಗೆ ಅದು ದೇವಿ. ಅರ್ಚಕ ಊರಾಚೆಯ ಐದನೆಯ ಮೈಲಿಗಲ್ಲಿನ ಹತ್ತಿರದ ತೋಪಿಗೆ ಹೋಗಿ ನಾಯಿಯನ್ನೂ ಕುರಿಯನ್ನೂ ಬಲಿ ಕೊಡುತ್ತಿದ್ದ. ಇಡೀ ಹೊಲವನ್ನು ಕೆಲವೇ ದಿನಗಳಲ್ಲಿ ಕೆಂಪು ಪುಡಿಯಾಗಿಸುವ ಈ ರೋಗಕ್ಕೆ ಆ ಕಾಲದಲ್ಲಿ ಬೇರೆ ಮದ್ದಿರಲಿಲ್ಲ. ಅದು ಗಿಡದ ಮೇಲೆ ಬದುಕುವ ಪರಾವಲಂಬಿ ಜೀವಿಯೆಂದು ತಿಳಿದದ್ದು 1767ರಲ್ಲಿ. ಅದನ್ನು ಕಂಡ ಫೆಲಿಚೆ ಫೊಂಟಾನಾ ಮತ್ತು ತಾರ್ಜೋನಿ ತೊಜ್ಜೆತ್ತಿ ಇಬ್ಬರೂ ಇಟಲಿಯವರೇ.

ಜಮೀನಿನ ಶುದ್ಧಿ ಈ ಎಲ್ಲಕ್ಕಿಂತ ದೊಡ್ಡ ಕಾರ್ಯ. ಹಾಲು ಕುಡಿಯುವ ಹಂದಿಮರಿ, ಕುರಿಮರಿ, ಕರು ಮೂರನ್ನೂ ಹೊಲದ ಸುತ್ತ ನಡೆಸಿ ಮಾರ್ಸ್‌ಗೆ ಬಲಿ ಕೊಡುತ್ತಿದ್ದರು. ಯುದ್ಧದ ದೇವರೆಂದೇ ಹೆಸರಾದ ಮಾರ್ಸ್ ಇಲ್ಲಿ ಹೊಲದ ಕಾವಲುಗಾರ. ಕಾಣುವ ಮತ್ತು ಕಾಣದ ರೋಗ, ಬರಡುತನ, ಕೆಟ್ಟ ಹವೆ ಇವನ್ನು ಆಚೆ ನಿಲ್ಲಿಸಿ ಪೈರು, ದ್ರಾಕ್ಷಿ, ಕುರಿಗಾಹಿಗಳು, ದನ, ಮನೆ, ಮನೆಯವರು ಎಲ್ಲರನ್ನೂ ಕಾಯಬೇಕೆಂಬ ಬೇಡಿಕೆಯನ್ನು ಕೇಟೋ ಪದಪದವಾಗಿ ಕೊಡುತ್ತಾನೆ. ಅದರ ಭಾಷೆ ಕರಾರುಪತ್ರದ್ದು. ಬಲಿಯಲ್ಲಿ ಕುಂದು ಕಂಡರೆ ಇನ್ನೊಂದನ್ನು ಕೊಟ್ಟು, ಹಿಂದಿನದರಲ್ಲಿ ತೃಪ್ತಿಯಾಗದಿದ್ದರೆ ಇದನ್ನು ತೆಗೆದುಕೋ ಎಂದು ಹೇಳುವ ಕಲಮೂ ಅದರಲ್ಲಿದೆ. ಕೊಯ್ಲಿಗೆ ಮುಂಚೆ ಸೆರೆಸ್‌ಗೆ ಹೆಣ್ಣುಹಂದಿ. ಅದಕ್ಕೂ ಮೊದಲು ಜಾನುಸ್, ಜುಪಿಟರ್, ಜೂನೋಗೆ ಧೂಪ ಮತ್ತು ದ್ರಾಕ್ಷಾರಸ.

ಮರ ಕಡಿಯುವ ವಿಧಿಯಲ್ಲಿ ಈ ಕರಾರಿನ ಬುದ್ಧಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ದೇವರ ತೋಪಿನ ಮರ ತೆಳುವು ಮಾಡಬೇಕಾದರೆ ಮೊದಲು ಹಂದಿ ಬಲಿ ಕೊಟ್ಟು, ಅಲ್ಲಿರುವುದು ಗಂಡುದೇವರೋ ಹೆಣ್ಣುದೇವರೋ ತಿಳಿಯದ ಕಾರಣ ಎರಡನ್ನೂ ಸೇರಿಸಿ ಸಂಬೋಧಿಸಬೇಕು. ಅದೇ ನೆಲವನ್ನು ಅಗೆಯಬೇಕಾದರೆ ಇನ್ನೊಂದು ಬಲಿ. ಕೆಲಸ ನಡೆಯುವಷ್ಟು ದಿನ ಒಂದಿಷ್ಟಾದರೂ ದಿನವೂ ಮಾಡಬೇಕು. ನಡುವೆ ಹಬ್ಬ ಬಂದು ಒಂದು ದಿನ ತಪ್ಪಿದರೆ ಹೊಸ ಬಲಿ. ಕಾಡನ್ನು ಉಳಿಸುವ ಉದ್ದೇಶ ಈ ವಿಧಿಗಿದ್ದಂತಿಲ್ಲ, ಕಡಿಯಲು ದಾರಿ ಮಾಡಿಕೊಡುವುದೇ ಅದರ ಕೆಲಸ. ಹಳೆಯ ನಂಬಿಕೆಗಳೆಲ್ಲ ಪರಿಸರಪ್ರೇಮವೇ ಆಗಿದ್ದವೆಂದು ಈಚಿನವರು ಹೇಳುವಾಗ ಈ ಅಧ್ಯಾಯ ಅಡ್ಡ ಬರುತ್ತದೆ.

ಕೈತೋಟದ ಕಾವಲಿಗೆ ಪ್ರಿಯಾಪುಸ್ ಇದ್ದ. ಏಷ್ಯಾ ಮೈನರ್‌ನ ಲಾಂಪ್ಸಕುಸ್‌ನಿಂದ ಬಂದ ದೇವರಿವನು. ಮರದ ದಿಮ್ಮಿಯಲ್ಲಿ ಒರಟಾಗಿ ಕೆತ್ತಿ, ಕೈಗೆ ಕುಡುಗೋಲು ಕೊಟ್ಟು ನಡುತೋಟದಲ್ಲಿ ನಿಲ್ಲಿಸುತ್ತಿದ್ದರು. ಕಳ್ಳರಿಗೂ ಹಕ್ಕಿಗಳಿಗೂ ಅವನೇ ಬೆದರು. ಕ್ರಿ.ಶ. ಮೊದಲ ಶತಮಾನದಲ್ಲಿ ಸ್ಪೇನ್‌ನ ಗಾದೆಸ್‌ನಿಂದ ಬಂದ ಕೊಲುಮೆಲ್ಲ ಬೇಸಾಯದ ಬಗ್ಗೆ ಬರೆದ ಹನ್ನೆರಡು ಸಂಪುಟಗಳಲ್ಲಿ ಹತ್ತನೆಯದನ್ನು ತೋಟಗಾರಿಕೆಗೆಂದು ಪದ್ಯದಲ್ಲೇ ರಚಿಸಿದ. ಕವಿ ವರ್ಜಿಲ್ ತನ್ನ ಬೇಸಾಯದ ಕಾವ್ಯದಲ್ಲಿ ಬಿಟ್ಟುಹೋದ ಭಾಗವನ್ನು ತುಂಬುವುದು ಅವನ ಹಂಬಲ. ಪಾತಿ, ಗೊಬ್ಬರ, ನೀರುಗಳ ಜೊತೆಗೆ ಕೀಟ ಓಡಿಸುವ ಹಳೆಯ ಮಾಟಗಳನ್ನೂ ಅವನು ಹೇಳುತ್ತಾನೆ. ಹೊಲದಂಚಿಗೆ ಚರ್ಮ ಸುಲಿದ ಕತ್ತೆಯ ತಲೆ ಇಡುವುದು ಒಂದು. ಮುಟ್ಟಾದ ಹೆಣ್ಣು ಬರಿಗಾಲಲ್ಲಿ ಕೂದಲು ಬಿಚ್ಚಿಕೊಂಡು ಪಾತಿಗಳ ಸುತ್ತ ಮೂರು ಸುತ್ತು ಬಂದರೆ ಕಂಬಳಿಹುಳುಗಳು ಉದುರುತ್ತವೆಂಬುದು ಇನ್ನೊಂದು.

ಚಂದ್ರನ ಲೆಕ್ಕವನ್ನು ಎಲ್ಲರೂ ಪಾಲಿಸುತ್ತಿದ್ದರು. ಅಂಜೂರ, ಆಲಿವ್, ಸೇಬುಗಳ ಕಸಿ ಅಮಾವಾಸ್ಯೆಯಲ್ಲಿ, ಮಧ್ಯಾಹ್ನ ಕಳೆದ ಮೇಲೆ, ತೆಂಕಣ ಗಾಳಿಯಿಲ್ಲದಾಗ. ಮರ ಕಡಿಯುವುದು ಕೃಷ್ಣಪಕ್ಷದಲ್ಲಿ. ಹುಲ್ಲುಗಾವಲಿಗೆ ಗೊಬ್ಬರ ವಸಂತದ ಮೊದಲ ಅಮಾವಾಸ್ಯೆಯ ಸುಮಾರಿಗೆ. ಚಂದ್ರನಿಂದ ಕಸಿ ಚೆನ್ನಾಗಿ ಕೂಡುತ್ತಿತ್ತೋ ಇಲ್ಲವೋ, ಕೆಲಸದ ದಿನವಂತೂ ಮುಂದೂಡದೆ ಗೊತ್ತಾಗುತ್ತಿತ್ತು.

ಈ ಜಗತ್ತಿನ ದುಡಿಮೆ ಯಾರದು ಎಂಬುದನ್ನು ಮರೆಯುವಂತಿಲ್ಲ. ಕೇಟೋನ 240 ಯುಗೆರಾ ಆಲಿವ್ ತೋಟಕ್ಕೆ 13 ಜನ ಬೇಕು, 100 ಯುಗೆರಾ ದ್ರಾಕ್ಷಿತೋಟಕ್ಕೆ 16 ಜನ. ಪಾರುಪತ್ಯಗಾರನೂ ಸೇರಿ ಇವರು ಗುಲಾಮರು. ಮುದಿ ಎತ್ತಿನ ಜೊತೆಗೆ ಮುದಿ ಗುಲಾಮನನ್ನೂ ಮಾರಿಬಿಡೆಂದು ಅದೇ ಪುಸ್ತಕ ಹೇಳುತ್ತದೆ. ಹಬ್ಬದ ದಿನವೂ ಕೆಲಸ ಪೂರ್ತಿ ನಿಲ್ಲುತ್ತಿರಲಿಲ್ಲ. ಹಳೆಯ ಕಾಲುವೆ ಹೂಳೆತ್ತುವುದು, ಮುಳ್ಳು ಸವರುವುದು, ತೋಟ ಅಗೆಯುವುದು ಹಬ್ಬಕ್ಕೆ ನಿಷಿದ್ಧವಲ್ಲ. ಪಾರುಪತ್ಯಗಾರ ಕರುಳು ನೋಡಿ ಶಕುನ ಹೇಳುವವರನ್ನಾಗಲಿ ಕಾಲ್ಡಿಯದ ಜೋಯಿಸರನ್ನಾಗಲಿ ಕೇಳಕೂಡದು. ದೇವರೊಡನೆ ವ್ಯವಹರಿಸುವ ಅಧಿಕಾರ ಒಡೆಯನಿಂದ ಆಚೆ ಹೋಗಬಾರದೆಂಬ ಎಚ್ಚರ ಇದರ ಹಿಂದಿದೆ. ಅವನಿಗೆ ಸ್ವಂತವಾಗಿ ಮಾಡಲು ಬಿಟ್ಟಿದ್ದ ಹಬ್ಬ ಚಳಿಗಾಲದ ಕಾಂಪಿಟಾಲಿಯಾ. ಹೊಲಗಳು ಕೂಡುವ ನಾಲ್ಕುದಾರಿಯಲ್ಲಿ ಲಾರ್‌ಗಳ ಗುಡಿಗೆ ಮನೆಯ ಸ್ವತಂತ್ರರಿಗೆ ತಲೆಗೊಂದು ಉಣ್ಣೆಯ ಬೊಂಬೆ, ಗುಲಾಮರಿಗೆ ತಲೆಗೊಂದು ಉಣ್ಣೆಯ ಉಂಡೆ ಕಟ್ಟುತ್ತಿದ್ದರು. ಬೊಂಬೆಗೆ ಕೈಕಾಲು ಮುಖವುಂಟು, ಉಂಡೆಗಿಲ್ಲ.

ಒಪ್ಪಿತವಾದ ಪೂಜೆ ಮತ್ತು ಮಾಟದ ನಡುವೆ ಕಾನೂನು ಗೆರೆ ಎಳೆದಿತ್ತು. ಪರರ ಬೆಳೆಯನ್ನು ಮಂತ್ರದಿಂದ ಸೆಳೆಯುವುದು ಹನ್ನೆರಡು ಫಲಕಗಳಲ್ಲೇ ಅಪರಾಧ. ಬಿಡುಗಡೆಯಾದ ಗುಲಾಮ ಗಾಯುಸ್ ಫೂರಿಯುಸ್ ಕ್ರೆಸಿಮುಸ್‌ನ ಮೊಕದ್ದಮೆಯನ್ನು ಪ್ಲಿನಿ ವಿವರಿಸುತ್ತಾನೆ. ಅವನ ಚಿಕ್ಕ ಹೊಲ ನೆರೆಯವರ ದೊಡ್ಡ ಹೊಲಗಳಿಗಿಂತ ಹೆಚ್ಚು ಬೆಳೆಯುತ್ತಿತ್ತು. ನೆರೆಯವರು ಮಾಟದ ಆಪಾದನೆ ಹೊರಿಸಿದರು. ವಿಚಾರಣೆಯ ದಿನ ಅವನು ಭಾರವಾದ ಗುದ್ದಲಿ, ಗುಳ, ಮೇದು ತುಂಬಿಕೊಂಡ ಎತ್ತು, ಗಟ್ಟಿಮುಟ್ಟಾದ ಆಳುಗಳನ್ನು ನ್ಯಾಯಸ್ಥಾನಕ್ಕೆ ತಂದು ನಿಲ್ಲಿಸಿ, ತನ್ನ ಮಾಟ ಇಷ್ಟೇ, ರಾತ್ರಿಯ ದುಡಿಮೆಯನ್ನೂ ಬೆವರನ್ನೂ ಇಲ್ಲಿಗೆ ತರಲಾಗಲಿಲ್ಲ ಎಂದ. ಎಲ್ಲ ಮತಗಳೂ ಅವನ ಪರವಾಗಿ ಬಿದ್ದವು.

ಕ್ರಿ.ಶ. 392ರ ನವೆಂಬರ್ 8ರಂದು ಕ್ರೈಸ್ತ ಚಕ್ರವರ್ತಿ ಥಿಯೋಡೋಸಿಯಸ್ ಹೊರಡಿಸಿದ ಕಾನೂನು ಊರ ದೇವಾಲಯಗಳನ್ನು ದಾಟಿ ಮನೆಯ ಒಲೆಗೇ ಬಂತು. ಲಾರ್‌ಗೆ ಬೆಂಕಿ, ಗೆನಿಯುಸ್‌ಗೆ ದ್ರಾಕ್ಷಾರಸ, ಪೆನಾತೆಸ್‌ಗೆ ಧೂಪ, ಮರಕ್ಕೆ ಕಟ್ಟುವ ಪಟ್ಟಿ, ಹುಲ್ಲುಹೆಂಟೆಯ ಪೀಠ ಎಲ್ಲವೂ ನಿಷಿದ್ಧ. ತಪ್ಪಿದರೆ ಆ ಮನೆ ಅಥವಾ ಜಮೀನು ಮುಟ್ಟುಗೋಲು. ಅದಾದ ಮೇಲೂ ಟ್ಯೂರಿನ್‌ನ ಬಿಷಪ್ ಮಾಕ್ಸಿಮುಸ್, ಒಕ್ಕಲುಗಳು ಹೊಲದಲ್ಲಿ ಬಲಿ ಕೊಡುವುದನ್ನು ಕಂಡೂ ಕಾಣದಂತಿರುವ ಭೂಮಾಲೀಕರನ್ನು ಬೈಯಬೇಕಾಯಿತು. 574ರ ಸುಮಾರಿಗೆ, ಇಂದಿನ ಪೋರ್ಚುಗಲ್‌ನ ಬ್ರಾಗಾದಲ್ಲಿ ಬಿಷಪ್ ಮಾರ್ಟಿನ್ ಹಳ್ಳಿಗರ ತಪ್ಪುಗಳ ಪಟ್ಟಿ ಮಾಡಿದ. ಬಂಡೆ, ಮರ, ಚಿಲುಮೆಗಳಿಗೆ ದೀಪ ಹಚ್ಚುವುದು, ಚಿಲುಮೆಗೆ ರೊಟ್ಟಿ ಹಾಕುವುದು, ಒಲೆಯ ಕೊರಡಿಗೆ ಕಾಳು, ದ್ರಾಕ್ಷಾರಸ ಸುರಿಯುವುದು ಆಗಲೂ ನಡೆಯುತ್ತಿದ್ದವು.

ರೂಢಿಗಳು ಉಳಿದದ್ದು ಎರಡು ದಾರಿಯಲ್ಲಿ. ಒಂದು ಪುಸ್ತಕದ್ದು. ರೋಮನ್ ಸಾಮ್ರಾಜ್ಯದ ಕೊನೆಗಾಲದಲ್ಲಿ ಪಲ್ಲೇಡಿಯಸ್ ತಿಂಗಳವಾರು ಕ್ರಮದಲ್ಲಿ ಬರೆದ ಬೇಸಾಯದ ಕೃತಿಯಲ್ಲಿ ಕೇಟೋನ ಬಲಿವಿಧಿಗಳಿಲ್ಲ, ಆದರೆ ತಂತ್ರಗಳು ಹಾಗೇ ಇವೆ: ಆಲಿಕಲ್ಲು ತಡೆಯಲು ಬೀಸುಕಲ್ಲಿಗೆ ಕೆಂಪು ಬಟ್ಟೆ ಮುಚ್ಚುವುದು, ರಕ್ತ ಹತ್ತಿದ ಕೊಡಲಿಯನ್ನು ಆಕಾಶಕ್ಕೆ ಎತ್ತಿ ಬೆದರಿಸುವುದು. ಮಠಗಳ ಸಂನ್ಯಾಸಿಗಳು ಇದನ್ನು ನಕಲು ಮಾಡಿಕೊಂಡರು. 15ನೇ ಶತಮಾನದಲ್ಲಿ ಇಂಗ್ಲಿಷ್ ಪದ್ಯಕ್ಕೂ ಇದು ಅನುವಾದವಾಯಿತು. ಇನ್ನೊಂದು ದಾರಿ ಚರ್ಚಿನದು. ರೋಬಿಗುಸ್‌ನ ದಿನವಾದ ಏಪ್ರಿಲ್ 25ರಂದೇ ರೋಮಿನ ಕ್ರೈಸ್ತರು ಮೆರವಣಿಗೆ ಹೋಗಿ ಪ್ರಾರ್ಥಿಸುವ ಕ್ರಮ 6ನೇ ಶತಮಾನದ ಕೊನೆಯ ಹೊತ್ತಿಗೆ ಇತ್ತು. ಮುಂದೆ ಯುರೋಪಿನ ಹಳ್ಳಿಗಳಲ್ಲಿ ಅದು ಬೆಳೆಗೆ ಆಶೀರ್ವಾದ ಬೇಡುತ್ತ ಹೊಲ ಸುತ್ತುವ ದಿನವಾಯಿತು. ಕ್ಯಾಥೊಲಿಕ್ ಚರ್ಚು ತನ್ನ ಸಾಮಾನ್ಯ ಪಂಚಾಂಗದಿಂದ ಅದನ್ನು ತೆಗೆದದ್ದು 1969ರಲ್ಲಿ.